ಹರಕೆಲೆ ಬಳ್ಳಿಯ ಸೊನೆ

ಗಂಗವ್ವ, ಲಿಂಗಸುಗೂರಿನ ಗುತ್ತೇದಾರನ ವೀಳ್ಯದಲ್ಲಿ ವಿಷ ಇಟ್ಟವಳು ನಿನ್ನ ತಾಯಿಯಲ್ಲ. ನಾನು.

ಇದೊಂದು ಸಾಲು ಬರೆಯಲು ನನಗೆ ಮೂರು ದಿನ ಹಿಡಿಯಿತು. ಮೊದಲ ದಿನ ಬರೆದದ್ದರಲ್ಲಿ ‘ವಿಷ’ ಎಂಬ ಮಾತೇ ಇರಲಿಲ್ಲ, ‘ಗಿಡದ ಸೊನೆ’ ಎಂದಿತ್ತು. ಎರಡನೆಯ ದಿನ ಬರೆದದ್ದರಲ್ಲಿ ಗುತ್ತೇದಾರ ನನ್ನ ಬೆರಳು ಮುರಿದ ಸಂಗತಿ ಮೊದಲು ಬಂದಿತ್ತು, ನಾನು ಮಾಡಿದ್ದು ಆಮೇಲೆ. ಓದಿದವರು ಪಾಪ, ಅಮರಮ್ಮ ಎನ್ನಲಿ ಎಂದು ಹಾಗೆ ಬರೆದಿದ್ದೆ — ಎರಡನ್ನೂ ಒಲೆಗೆ ಹಾಕಿದೆ.

ನೀನು ನನ್ನನ್ನು ಒಂದೇ ಸಲ ನೋಡಿದ್ದೀ. ಮಸ್ಕಿಯ ಅಮರಮ್ಮ, ನಿನ್ನ ತಾಯಿ ದ್ಯಾವಕ್ಕನ ಜೊತೆ ಗುತ್ತೇದಾರನ ಬಂಗಲೆಯಲ್ಲಿ ಕೆಲಸಕ್ಕಿದ್ದವಳು. ನಾನು ಆ ಮನೆಗೆ ಸೇರಿದಾಗ ನಿನಗೆ ಐದೋ ಆರೋ ವರ್ಷ. ದಢೇಸುಗೂರಿನಲ್ಲಿ ಹೊಳೆಯ ದಂಡೆಯ ಮನೆಯಲ್ಲಿ ನಿನ್ನ ಅಜ್ಜಿಯ ಹತ್ತಿರ ಇದ್ದೆ. ನಿನ್ನ ತಾಯಿ ಎರಡು ತಿಂಗಳಿಗೊಮ್ಮೆ ನಿನ್ನನ್ನು ನೋಡಲು ಹೋಗಿ ಬರುತ್ತಿದ್ದಳು. ಬಂದ ದಿನ ಯಾರ ಜೊತೆಯೂ ಮಾತಾಡುತ್ತಿರಲಿಲ್ಲ. ನನಗೆ ಹತ್ತೊಂಬತ್ತು ವರ್ಷ. ಪ್ಲೇಗಿನಲ್ಲಿ ಗಂಡ ಹೋಗಿದ್ದ, ಅತ್ತೆಮನೆಯವರು ಹೊರಗೆ ಹಾಕಿದ್ದರು. ನಿನ್ನ ತಾಯಿ ನನಗಿಂತ ಹತ್ತು ವರ್ಷ ದೊಡ್ಡವಳು. ಆ ಮನೆಯಲ್ಲಿ ನನ್ನನ್ನು ಹೆಸರು ಹಿಡಿದು ಕರೆದವರಲ್ಲಿ ಮೊದಲನೆಯವಳು.

ಬಂಗಲೆ ಛಾವಣಿ ಎನ್ನುವ ಹಳೆಯ ದಂಡಿನ ಕೇರಿಯಲ್ಲಿತ್ತು, ಹಿಂದೆ ದಂಡು ಇದ್ದಾಗ ಯಾರೋ ದೊರೆ ಕಟ್ಟಿಸಿದ್ದು. ಎತ್ತರದ ಮಾಳಿಗೆ, ದಪ್ಪ ಗೋಡೆ. ಸುತ್ತಲಿನ ಊರುಗಳ ಸೇಂದಿ ಗುತ್ತಿಗೆ ಗುತ್ತೇದಾರ ಸೂಗಪ್ಪನದು. ಈಚಲು ಮರದಿಂದ ಆ ಹೆಂಡ ಇಳಿಸುವವರಲ್ಲಿ ಯಾರಾದರೂ ಕದ್ದು ಸೇಂದಿ ಮಾರಿದರೆ ಅವರನ್ನು ಹಿಡಿತಂದು ಪಡಸಾಲೆಯ ಕಂಬಕ್ಕೆ ಕಟ್ಟುತ್ತಿದ್ದರು. ಹೊಡೆಯುವುದಕ್ಕೆ ಆಳುಗಳಿದ್ದರೂ ಅವನು ತಾನೇ ಹೊಡೆಯುತ್ತಿದ್ದ. ಅಂಗಿ ಕಳಚಿಟ್ಟು, ಸಾವಕಾಶವಾಗಿ, ನಡುನಡುವೆ ನೀರು ಕುಡಿದು. ಆ ಕಂಬವನ್ನು ತೊಳೆಯುವುದು ನನ್ನ ಕೆಲಸಗಳಲ್ಲಿ ಒಂದು.

ಇನ್ನೊಂದು ಕೆಲಸ — ಬಳ್ಳಿಯದು.

ಹಟ್ಟಿಯಲ್ಲಿ ಬಂಗಾರದ ಗಣಿ ಮುಚ್ಚಿ ಬಿಳಿಯ ದೊರೆಗಳು ಹೊರಟುಹೋದಾಗ ಅವರ ಮನೆಗಳ ಸಾಮಾನು ಹರಾಜಾಯಿತು. ಗುತ್ತೇದಾರ ಎರಡು ಬಂಡಿ ತುಂಬ ಕುರ್ಚಿ, ನಿಲುಗನ್ನಡಿ, ಗಡಿಯಾರ ತಂದ. ಎರಡನೆಯ ಬಂಡಿಯ ಹಿಂದುಗಡೆ, ಹುಲ್ಲಿನ ಮೇಲೆ, ಒಂದು ನೀಲಿ ಪಿಂಗಾಣಿ ಕುಂಡ. ಅದರಲ್ಲಿ ಮೊಣಕಾಲೆತ್ತರದ ಬಳ್ಳಿ. ಇದ್ದದ್ದು ನಾಲ್ಕೇ ಎಲೆ, ಅದರಲ್ಲಿ ಎರಡು ದಾರಿಯ ಬಿಸಿಲಿಗೆ ಸುಟ್ಟಿದ್ದವು. ದೊರೆಯ ಮನೆಯಲ್ಲಿ ಅಡಿಗೆಗಿದ್ದ ಮುದುಕನೊಬ್ಬ ಬಂಡಿಯ ಜೊತೆ ಬಂದಿದ್ದ. ಅದಕ್ಕೊಂದು ಹೆಸರು ಹೇಳಿದ, ನಮ್ಮ ಯಾರ ನಾಲಿಗೆಗೂ ಹತ್ತಲಿಲ್ಲ. ಇದು ಸಮುದ್ರದ ಆಚೆಯ ಅಡವಿಯದು, ಅಲ್ಲಿ ಮಳೆ ನಿಲ್ಲುವುದೇ ಇಲ್ಲ, ದೊಡ್ಡ ಮರಗಳನ್ನು ಹತ್ತಿ ನೆರಳಲ್ಲೇ ಬೆಳೆಯುತ್ತದೆ ಎಂದ. ಅಂಗಳದಲ್ಲಿಟ್ಟರೆ ನಿಮ್ಮ ಬಿಸಿಲಿಗೆ ವಾರದಲ್ಲಿ ಸಾಯುತ್ತದೆ. ಮನೆಯೊಳಗೆ, ಬೆಳಕು ಬರುವ ಆದರೆ ಬಿಸಿಲು ತಾಕದ ಕಿಟಕಿಯ ಹತ್ತಿರ ಇಡಬೇಕು. ಮಣ್ಣಿನಲ್ಲಿ ಬೆರಳು ಚುಚ್ಚಿ ನೋಡಿ, ಎರಡು ಗೆಣ್ಣು ಒಣಗಿದ್ದರೆ ಮಾತ್ರ ನೀರು. ಎಲೆಗಳನ್ನು ಎರಡೂ ಬದಿ ಒದ್ದೆ ಬಟ್ಟೆಯಿಂದ ಒರೆಸಬೇಕು. ಹತ್ತಲು ಒರಟು ಕಂಬ ಬೇಕು. ಇಷ್ಟು ಹೇಳಿ, ಬಂಡಿ ಹತ್ತುವ ಮೊದಲು ನನ್ನ ಕಡೆ ತಿರುಗಿ ಇನ್ನೊಂದು ಮಾತು ಹೇಳಿದ: ಇದರ ಸೊನೆ ಬಾಯಿಗೆ ತಾಕಬಾರದು. ದೊರೆಯ ನಾಯಿ ಒಮ್ಮೆ ದಂಟು ಕಚ್ಚಿತ್ತು. ನಾಲಿಗೆ ಬಾತು, ಗಂಟಲು ಕಟ್ಟಿ, ಎರಡು ದಿನ ಒದ್ದಾಡಿ ಸತ್ತಿತು.

ಈ ಮಾತನ್ನು ನಾನು ಕೇಳಿದ್ದೆ, ಗಂಗವ್ವ. ನನಗೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಲು ನನಗೆ ದಾರಿಯಿಲ್ಲ.

ಗುತ್ತೇದಾರನ ಹೆಂಡತಿ ನೀಲಮ್ಮನವರು ಮುದಗಲ್ಲಿನವರು. ಮಕ್ಕಳಿರಲಿಲ್ಲ. ಬಳ್ಳಿಯನ್ನು ಅವರ ಕೋಣೆಯ ಉತ್ತರದ ಕಿಟಕಿಗೆ ಇಟ್ಟೆವು. ಮೊದಲ ತಿಂಗಳೇ ಬೇರು ಕೊಳೆಯತೊಡಗಿತು. ನಮ್ಮ ಕರಿಮಣ್ಣು ನೀರು ಕುಡಿದರೆ ಬಿಡುವುದಿಲ್ಲ. ನಿನ್ನ ತಾಯಿ ಊರಿಗೆ ಹೋದವಳು ಹೊಳೆಯ ಉಸುಕನ್ನು ಚೀಲದಲ್ಲಿ ತುಂಬಿ ತಲೆಯ ಮೇಲೆ ಹೊತ್ತು ತಂದಳು. ಅದಕ್ಕೆ ಇದ್ದಿಲ ಚೂರು, ಹಳೆಯ ಕುರಿಹಿಕ್ಕೆಯ ಪುಡಿ ಬೆರೆಸಿ ನೀಲಮ್ಮನವರೂ ಸೇರಿ ನಾವು ಮೂವರೂ ನೆಲಕ್ಕೆ ಕೂತು ಕುಂಡ ಬದಲಿಸಿದೆವು. ಈಚಲು ಕಾಂಡದ ತುಂಡಿಗೆ ನಾರು ಸುತ್ತಿ ನಿಲ್ಲಿಸಿದೆವು. ಬೇಸಿಗೆಯಲ್ಲಿ ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ ತಾಸಿಗೊಮ್ಮೆ ನೀರು ಚಿಮುಕಿಸುತ್ತಿದ್ದೆ. ಹೊರಗೆ ನೆಲ ಬಿರಿದು ಬಾಯಿ ಬಿಟ್ಟಿರುವಾಗ ಆ ಒಂದು ಕೋಣೆ ತಂಪಾಗಿ, ಹಸಿ ಮಣ್ಣಿನ ವಾಸನೆಯಿಂದ ತುಂಬಿರುತ್ತಿತ್ತು. ದಂಟಿನಿಂದ ಗಾಳಿಗೆ ಇಳಿಯುವ ಬೇರುಗಳನ್ನು ನಾರಿನೊಳಗೆ ತೂರಿಸುವುದು, ಒದ್ದೆ ಮಾಡುವುದು — ಕೈಕೂಸನ್ನು ನೋಡಿಕೊಂಡ ಹಾಗೆ ನೋಡಿಕೊಂಡೆ.

ಮಳೆಗಾಲಕ್ಕೆ ಚಿಗುರಿತು. ಹೊಸ ಎಲೆ ಸುರುಳಿಯಾಗಿ ಬರುತ್ತಿತ್ತು, ಮೂರು ದಿನಕ್ಕೆ ಬಿಚ್ಚಿಕೊಳ್ಳುತ್ತಿತ್ತು. ಆರನೆಯದೋ ಏಳನೆಯದೋ ಎಲೆ ಬಿಚ್ಚಿದಾಗ ಅಂಚಿನಿಂದ ನಡುವಿನವರೆಗೂ ಸೀಳಿತ್ತು, ಅಲ್ಲಲ್ಲಿ ತೂತು. ಹುಳು ತಿಂದಿದೆ ಎಂದು ನಾನು ಹೆದರಿದೆ. ಮುಂದಿನದೂ ಹಾಗೆಯೇ ಬಂದಾಗ ನಿನ್ನ ತಾಯಿ ನಕ್ಕು, ಇದರ ಹುಟ್ಟುಗುಣವೇ ಹೀಗೆ, ನಮ್ಮ ಸೀರೆಯ ಹಾಗೆ ಹರಕು ಎಂದಳು. ಅಂದಿನಿಂದ ಅದರ ಹೆಸರು ಹರಕೆಲೆ ಬಳ್ಳಿ.

ಆ ಕೋಣೆಯಲ್ಲೇ ನೀಲಮ್ಮನವರು ನನಗೆ ಪಾಟಿಯ ಮೇಲೆ ಅಕ್ಷರ ಕಲಿಸಿದರು. ಅವರ ತುಟಿ ಒಡೆದಿರುವ ದಿನಗಳಲ್ಲಿ ಪಾಠ ಇರುತ್ತಿರಲಿಲ್ಲ. ಇಬ್ಬರೂ ಸುಮ್ಮನೆ ಎಲೆ ಒರೆಸುತ್ತಿದ್ದೆವು. ಗುತ್ತೇದಾರ ಅವರ ಕೂದಲು ಹಿಡಿದು ಆ ಬಳ್ಳಿಯ ಕಂಬಕ್ಕೇ ಬಡಿದದ್ದನ್ನು ನಾನು ನೋಡಿದ್ದೇನೆ. ಬಡಿದು, ಆಮೇಲೆ ಬಳ್ಳಿಗೆ ಏನಾದರೂ ಆಯಿತೇ ಎಂದು ಬಗ್ಗಿ ನೋಡಿದ. ಯಾಕೆಂದರೆ ಅಷ್ಟು ಹೊತ್ತಿಗೆ ಅದು ಅವನ ಪ್ರತಿಷ್ಠೆಯಾಗಿತ್ತು. ರಾಯಚೂರಿನಿಂದ ಬಂದ ಅಧಿಕಾರಿಗಳನ್ನು ಒಳಗೆ ಕರೆದು ತೋರಿಸುತ್ತಿದ್ದ. ಇಂಥದ್ದು ಈ ಸೀಮೆಯಲ್ಲಿ ಇನ್ನೆಲ್ಲೂ ಇಲ್ಲ ಎನ್ನುತ್ತಿದ್ದ.

ಮೂರನೆಯ ವರ್ಷ ದೊಡ್ಡ ಅಧಿಕಾರಿಯೊಬ್ಬರು ಬರುವವರಿದ್ದರು. ಮನೆಗೆ ಸುಣ್ಣ ಹೊಡೆಸಲು ಅಂಗಳದಲ್ಲಿ ಹಂಡೆಗಟ್ಟಲೆ ಸುಣ್ಣ ಬೇಯಿಸುತ್ತಿದ್ದರು. ನಾನು ಎಲೆ ಒರೆಸುವಾಗ ಇನ್ನೂ ಬಿಚ್ಚದ ಸುರುಳಿಗೆ ಬಟ್ಟೆ ಸಿಕ್ಕಿ, ಅದು ಅಡ್ಡಕ್ಕೆ ಹರಿಯಿತು. ಸಣ್ಣ ಸದ್ದು. ಅದರ ಸೊನೆ ನನ್ನ ಮಣಿಕಟ್ಟಿಗೆ ಇಳಿದು ತುರಿಕೆ ಎದ್ದಿತು. ಮುಚ್ಚಿಡಲು ಆಗುವಂಥದ್ದಲ್ಲ. ಗುತ್ತೇದಾರ ಬಂದು ನೋಡಿದ. ಬೈಯಲಿಲ್ಲ. ಎಡಗೈಯನ್ನು ಕಿಟಕಿಯ ಕಲ್ಲಿನ ಮೇಲೆ ಇಡು ಎಂದ. ಇಟ್ಟೆ. ಕೈಯಲ್ಲಿದ್ದ ಬೆಳ್ಳಿಕಟ್ಟಿನ ಬೆತ್ತದಿಂದ ಎರಡು ಸಲ ಹೊಡೆದ. ಕೊನೆಯ ಎರಡು ಬೆರಳು ಮುರಿದು ಹಿಂದಕ್ಕೆ ತಿರುಗಿದವು. ಎಲುಬು ಮುರಿದದ್ದು ನನಗೆ ಮೊದಲು ಕೇಳಿಸಿತು, ನೋವು ಆಮೇಲೆ ಬಂತು.

ನಿನ್ನ ತಾಯಿ ನನ್ನನ್ನು ಅಡಿಗೆಮನೆಯ ಹಿಂದೆ ಕೂಡಿಸಿ, ಬಾಯಿಗೆ ಬಟ್ಟೆ ತುರುಕಿ, ಬೆರಳು ಎಳೆದು ಕೂಡಿಸಿದಳು. ಅರಿಸಿನ ಮೆತ್ತಿ, ದಬ್ಬೆ ಇಟ್ಟು ಕಟ್ಟಿದಳು. ಮೂರು ದಿನ ನನ್ನ ಪಾಲಿನ ಪಾತ್ರೆಗಳನ್ನೂ ಅವಳೇ ತಿಕ್ಕಿದಳು. ನನಗೆ ರೊಟ್ಟಿ ಮುರಿದು ಸಾರಿನಲ್ಲಿ ನೆನೆಸಿ ಕೊಟ್ಟಳು. ಹಾಗಿದ್ದವಳಿಗೆ ನಾನು —

ನಾಲ್ಕನೆಯ ದಿನ ಮಾಡಿದೆ.

ಗುತ್ತೇದಾರನ ಊಟವಾದ ಮೇಲೆ ವೀಳ್ಯ ಮಡಚಿ ಕೊಡುವುದು ನಿನ್ನ ತಾಯಿಯ ಕೆಲಸ. ಅಂದು ಎಂಟು ವೀಳ್ಯ ಮಡಚಿ, ಒಂದೊಂದಕ್ಕೂ ಲವಂಗ ಚುಚ್ಚಿ, ಹಿತ್ತಾಳೆ ತಟ್ಟೆಯಲ್ಲಿಟ್ಟು, ಒದ್ದೆ ಬಟ್ಟೆ ಮುಚ್ಚಿ ನೀರು ಸೇದಲು ಹೋದಳು. ಹೋಗುವಾಗ, ಸ್ವಲ್ಪ ತಟ್ಟೆ ನೋಡು, ಬೆಕ್ಕು ಬಂದೀತು ಎಂದು ನನಗೇ ಹೇಳಿದಳು. ನಾನು ಅವಳ ಅಡಕತ್ತನ್ನು ತೆಗೆದುಕೊಂಡು ನೀಲಮ್ಮನವರ ಕೋಣೆಗೆ ಹೋದೆ, ಅಲ್ಲಿ ಯಾರೂ ಇರಲಿಲ್ಲ. ಬಳ್ಳಿಯ ಕೆಳಗಿನ ಎಲೆಯ ತೊಟ್ಟನ್ನು ಕತ್ತರಿಸಿದೆ. ಬಳ್ಳಿಯ ಗಾಯಕ್ಕೆ ಒಲೆಯ ಬೂದಿ ಒತ್ತಿದೆ. ತೊಟ್ಟನ್ನು ಅಡಿಗೆಮನೆಯ ಕಲ್ಲಿನ ಮೇಲೆ ಬಲಗೈಯೊಂದರಿಂದ ಜಜ್ಜಿದೆ. ಮೇಲಿನ ಎರಡು ವೀಳ್ಯಗಳನ್ನು ಬಿಚ್ಚಿ, ಅಡಿಕೆಯ ಕೆಳಗೆ ಅದನ್ನು ತುಂಬಿ, ಮತ್ತೆ ಮಡಚಿ, ಅದೇ ಲವಂಗವನ್ನು ಅದೇ ತೂತಿಗೆ ಚುಚ್ಚಿದೆ. ಅಡಕತ್ತು ತೊಳೆದೆ. ಕಲ್ಲು ತೊಳೆದೆ. ಇದಿಷ್ಟನ್ನೂ ಮಾಡುವಾಗ ನನ್ನ ಕೈ ನಡುಗಲಿಲ್ಲ ಎಂಬುದನ್ನು ನೀನು ತಿಳಿಯಬೇಕು.

ಅವನ ಬಾಯಿ ಸುಡಲಿ ಎಂದಷ್ಟೇ ಬಯಸಿದ್ದೆ ಎಂದು ವರ್ಷಗಟ್ಟಲೆ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಅವನು ಆ ನಾಯಿಯ ಹಾಗೆ ಸಾಯಲಿ ಎಂದು ಬಯಸಿದ್ದೆ. ನಾನು ಅದನ್ನು ಬಾಗಿಲ ಸಂದಿಯಿಂದ ನೋಡಬೇಕು ಎಂದೂ ಬಯಸಿದ್ದೆ.

ನೋಡಿದೆ. ಅವನು ಎರಡು ವೀಳ್ಯವನ್ನೂ ಒಟ್ಟಿಗೆ ಬಾಯಿಗಿಟ್ಟು ತಂಬಾಕು ಹಾಕಿಕೊಂಡ. ಸುಣ್ಣ ಜಾಸ್ತಿಯಾಗಿದೆ ಎಂದು ಗೊಣಗಿದ. ಅಗಿಯುತ್ತಲೇ ಇದ್ದ. ಆಮೇಲೆ ಉಗುಳಿದ. ಎದ್ದು ನಿಂತ. ತುಟಿಗಳು ನೋಡನೋಡುತ್ತ ದಪ್ಪಗಾದವು. ಕೂಗಲು ಬಾಯಿ ತೆಗೆದರೆ ನಾಲಿಗೆ ಹಲ್ಲಿನಾಚೆ ಬಂದು ಮತ್ತೆ ಒಳಗೆ ಹೋಗಲಿಲ್ಲ. ಉಸಿರಿಗಾಗಿ ತನ್ನ ಕೊರಳನ್ನು ತಾನೇ ಉಗುರಿನಿಂದ ಪರಚಿಕೊಂಡ. ಎದೆಯವರೆಗೂ ರಕ್ತ ಇಳಿಯಿತು. ಕರು ಒರಲಿದಂಥ ಸದ್ದು. ಹರಾಜಿನ ಕುರ್ಚಿಗಳನ್ನು ಕೆಡವುತ್ತ ನೆಲಕ್ಕೆ ಬಿದ್ದ. ಹಕೀಮರು ಬಂದರು, ತುಪ್ಪ ಹೊಯ್ದರು, ಮಜ್ಜಿಗೆ ಹೊಯ್ದರು, ಬೆರಳು ಹಾಕಿ ವಾಂತಿ ಮಾಡಿಸಿದರು. ಸಾಯಲಿಲ್ಲ. ನಾಲ್ಕು ದಿನ ಗೊರಗೊರ ಉಸಿರಾಡುತ್ತ ಮಲಗಿದ್ದ.

ಆ ನಾಲ್ಕು ದಿನಗಳಲ್ಲಿ ನಾನು ಓಡಿಹೋಗಬಹುದಿತ್ತು. ನಿನ್ನ ತಾಯಿಗೆ ಓಡು ಎನ್ನಬಹುದಿತ್ತು. ಅವಳು ತಾನು ತಂದ ಸುಣ್ಣದ ಡಬ್ಬಿಯನ್ನು ಮೂಸಿ ಮೂಸಿ ನೋಡುತ್ತಿದ್ದಳು, ಬೆರಳ ತುದಿಯಿಂದ ನಾಲಿಗೆಗೆ ಹಚ್ಚಿ ನೋಡುತ್ತಿದ್ದಳು. ನನಗೂ ತೋರಿಸಿದಳು. ನಾನೂ ಮೂಸಿ ನೋಡಿದೆ, ಗಂಗವ್ವ. ಮೂಸಿ, ಏನೂ ತಿಳಿಯದು ಎಂದೆ.

ಐದನೆಯ ದಿನ ಬೆಳಿಗ್ಗೆ ಗುತ್ತೇದಾರ ಎದ್ದು ಪಡಸಾಲೆಗೆ ಬಂದ. ಬಾಯಿಯ ಚರ್ಮ ಸುಲಿದಿತ್ತು, ಮಾತು ಹೊರಡುತ್ತಿರಲಿಲ್ಲ. ಮನೆಯವರನ್ನೆಲ್ಲ ಕರೆಸಿದರು. ನಾನು ಬಳ್ಳಿಗೆ ನೀರು ಹಾಕಲು ಹೊರಟಿದ್ದೆ. ತುಂಬಿದ ತಂಬಿಗೆ ಕೈಯಲ್ಲೇ ಇತ್ತು. ಅವನ ಪರವಾಗಿ ಕಾರಕೂನ ಕೇಳಿದ.

“ಅಮರೀ, ನೀ ಅಲ್ಲೇ ಇದ್ದೆಲ್ಲ. ವೀಳ್ಯಾ ಮಡಚಿದಾಕಿ ಯಾರು?”

ನಾನು ಹೇಳಿದೆ: “ಎಲಿ ಮಡಚಿದಾಕಿ ಆಕೀನ್ರಿ.”

ಮೂರೇ ಮಾತು. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಅವಳೇ ಮಡಚಿದ್ದಳು. ಹೀಗೆ ಸುಳ್ಳಿಲ್ಲದ ಮಾತನ್ನು ನಾನು ಹುಡುಕಿ ಇಟ್ಟುಕೊಂಡಿದ್ದೆ — ಹಿಂದಿನ ದಿನವೇ ಇಟ್ಟುಕೊಂಡಿದ್ದೆ. ನಿನ್ನ ತಾಯಿ ನನ್ನ ಕಡೆ ನೋಡಲೂ ಇಲ್ಲ. ಅವಳಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

“ಹೌದ್ರಿ, ನಾನ ಮಡಚೀನಿ,” ಎಂದಳು. “ದಿನಾ ಮಡಚಿದಂಗ ಮಡಚೀನ್ರಿ.”

ಇಬ್ಬರು ಆಳುಗಳು ಅವಳನ್ನು ಹಿಡಿದರು. ಮೊದಲು ಬೆತ್ತದ ಹೊಡೆತ, ಅದು ಮುರಿಯುವವರೆಗೆ. ಆಮೇಲೆ ಗುತ್ತೇದಾರ ಅಂಗಳದ ಸುಣ್ಣದ ಹಂಡೆಯ ಕಡೆ ಕೈ ತೋರಿಸಿದ. ಅದು ಆ ಬೆಳಿಗ್ಗೆಯೇ ನೀರು ಹಾಕಿದ ಸುಣ್ಣ, ಇನ್ನೂ ಕುದಿಯುತ್ತಿತ್ತು. ತೆಂಗಿನ ಚಿಪ್ಪಿನ ಸೌಟಿನಿಂದ ತಾನೇ ಮೊಗೆದ. ಒಬ್ಬ ಅವಳ ಕೂದಲು ಹಿಡಿದು ಮುಖ ಮೇಲೆತ್ತಿದ. ಮೊದಲ ಸೌಟು ಬಾಯಿಗೆ. ಎರಡನೆಯದು ಕಣ್ಣಿಗೆ. ಅವಳು ರೆಪ್ಪೆ ಬಿಗಿದಿದ್ದಳು. ಇನ್ನೊಬ್ಬ ಹೆಬ್ಬೆರಳಿನಿಂದ ಬಿಡಿಸಿದ. ಅವಳು ಒದ್ದುಕೊಂಡ ರಭಸಕ್ಕೆ ಕಾಲ ಹೆಬ್ಬೆರಳಿನ ಉಗುರು ಕಿತ್ತು ಕಲ್ಲಿನ ಮೇಲೆ ಉಳಿಯಿತು. ಅವಳು ಯಾರ ಹೆಸರನ್ನೂ ಹೇಳಲಿಲ್ಲ, ಯಾರಿಗೂ ಶಾಪ ಹಾಕಲಿಲ್ಲ. ಸುಟ್ಟ ಬಾಯಿಯಿಂದ ನೀರು, ನೀರು ಎಂದಳು.

ತಂಬಿಗೆ ನನ್ನ ಕೈಯಲ್ಲಿತ್ತು.

ಹತ್ತು ಹೆಜ್ಜೆ ಇದ್ದೀತು. ಗುತ್ತೇದಾರ ನನ್ನ ಕಡೆ ನೋಡಿದ, ನಾನು ಕದಲಲಿಲ್ಲ. ನೀಲಮ್ಮನವರು ಒಳಗಿನಿಂದ ಓಡಿಬಂದು ನನ್ನ ಕೈಯಿಂದ ತಂಬಿಗೆ ಕಿತ್ತುಕೊಂಡು ಅವಳತ್ತ ಹೋದರು. ಅವನು ಅವರ ಹೊಟ್ಟೆಗೆ ಒದ್ದ. ನೀರು ನೆಲಕ್ಕೆ ಚೆಲ್ಲಿತು. ಅದನ್ನು ನಿನ್ನ ತಾಯಿ ಅಂಗೈಯಿಂದ ತಡವಿ ತಡವಿ ಕಣ್ಣಿಗೆ ಹಚ್ಚಿಕೊಂಡಳು.

ಮಧ್ಯಾಹ್ನ ಅವಳನ್ನು ಜೋಳದ ಬಂಡಿಯಲ್ಲಿ ಹಾಕಿ ಸಿಂಧನೂರಿನ ಕಡೆ ಕಳಿಸಿದರು. ಕಣ್ಣಿನ ಜಾಗದಲ್ಲಿ ಬಿಳಿಯದೊಂದು ಹೆಪ್ಪು ಇತ್ತು. ಬಂಡಿಯವನು ತನ್ನ ಎತ್ತುಗಳಿಗೂ ಅಷ್ಟು ಮರುಗಿರಲಾರ — ದಾರಿಯುದ್ದಕ್ಕೂ ಅವಳ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಹೋದನೆಂದು ಆಮೇಲೆ ಕೇಳಿದೆ.

ಇಷ್ಟಕ್ಕೆ ಮುಗಿಯಲಿಲ್ಲ. ನನಗೆ ಇನ್ನೊಂದು ಅವಕಾಶ ಬಂತು. ಬಂಡಿಯವನೇ ಹೋಗಿ ಹೇಳಿರಬೇಕು. ವಾರದೊಳಗೆ ಪೊಲೀಸ್ ಅಮೀನರು ಬಂದರು. ವಯಸ್ಸಾದವರು, ಬಿಳಿಯ ಗಡ್ಡ. ಗುತ್ತೇದಾರ ಕೊಟ್ಟ ಶರಬತ್ತನ್ನು ಮುಟ್ಟಲಿಲ್ಲ. ನನ್ನೊಬ್ಬಳನ್ನೇ ಬೇವಿನ ಮರದ ಕೆಳಗೆ ಕರೆದರು. ನನ್ನ ಬೆರಳಿನ ಕಟ್ಟನ್ನು ನೋಡಿದರು, ಯಾರು ಮುರಿದದ್ದು ಎಂದು ಕೇಳಿದರು. ಬಿದ್ದೆ ಎಂದೆ.

“ಅಮ್ಮಾ, ಒಂದು ಹೆಣ್ಣಿನ ಕಣ್ಣು ಹೋಗ್ಯಾವ,” ಎಂದರು. “ನೀ ಖರೇ ಹೇಳಿದ್ರ ನಿನ್ನ ಇಲ್ಲಿಂದ ಈಗ ಕರಕೊಂಡು ಹೋಗ್ತೀನಿ. ಯಾರೂ ನಿನ್ನ ಮುಟ್ಟಂಗಿಲ್ಲ. ನನ್ನ ಜಬಾನ್ ಅದು.”

ಅವರು ಕಾದರು. ಅವರು ಕೊಟ್ಟ ಮಾತು ನಿಜವೆಂದು ನನಗೆ ಗೊತ್ತಿತ್ತು. ನಾನು ಹೆದರಿದ್ದು ಗುತ್ತೇದಾರನಿಗಲ್ಲ ಆಗ — ನಾನು ಮಾಡಿದ್ದು ನಾನು ಮಾಡಿದ್ದೆಂದು ಇನ್ನೊಬ್ಬರ ಮುಖದಲ್ಲಿ ಕಾಣಿಸುತ್ತದಲ್ಲ, ಅದಕ್ಕೆ. ಎಲೆ ಮಡಚಿದವಳು ಅವಳೇ ಎಂದು ಮತ್ತೊಮ್ಮೆ ಹೇಳಿದೆ. ಅವರು ಬರೆದುಕೊಂಡರು. ನಿನ್ನ ತಾಯಿಯ ಮೇಲೆ ವಿಷಪ್ರಯೋಗದ ಮಾತು ಕಾಗದಕ್ಕೆ ಇಳಿದದ್ದು ನನ್ನ ಬಾಯಿಂದ. ಕುರುಡಿಯನ್ನು ಎಳೆದಾಡುವುದು ಬೇಡವೆಂದು ಅವರು ಖಟ್ಲೆ ನಡೆಸಲಿಲ್ಲ. ಆದರೆ ಗುತ್ತೇದಾರನ ಮೇಲೂ ಏನೂ ನಡೆಯಲಿಲ್ಲ. ತನ್ನನ್ನು ಕೊಲ್ಲಲು ಬಂದವಳಿಗೆ ಶಿಕ್ಷೆ ಕೊಟ್ಟ ಎಂದು ಊರು ಸುಮ್ಮನಾಯಿತು.

ಅಮೀನರು ಹೋದ ಮರುದಿನ ನೀಲಮ್ಮನವರು ಎಲೆ ಒರೆಸಲು ಬಂದು ಕೂತರು. ನಿಧಾನವಾಗಿ, ಮೇಲಿನ ಎಲೆಯಿಂದ ಕೆಳಗೆ. ಕೊನೆಯ ತೊಟ್ಟು ಇರಬೇಕಾದ ಜಾಗದಲ್ಲಿ ಅವರ ಬಟ್ಟೆ ನಿಂತಿತು. ಬೂದಿ ಒಣಗಿ ಕಪ್ಪಗೆ ಅಂಟಿಕೊಂಡಿತ್ತು. ಅದನ್ನು ಉಗುರಿನಿಂದ ಕೆರೆದು ನೋಡಿದರು. ನನ್ನ ಮುಖ ನೋಡಲಿಲ್ಲ.

“ಒಂದು ಕಡಿಮಿ ಆತಲ್ಲ, ಅಮರೀ,” ಎಂದರು.

ಬಟ್ಟೆ ಹಿಂಡಿ ಮತ್ತೆ ಮೇಲಿನ ಎಲೆ ಹಿಡಿದರು. ನಮ್ಮಿಬ್ಬರಲ್ಲಿ ಯಾರೂ ನಿನ್ನ ತಾಯಿಯ ಹೆಸರು ಎತ್ತಲಿಲ್ಲ. ಅವರು ಸತ್ತಿದ್ದಾರೆ, ಅವರ ಮೇಲೆ ನನ್ನ ಪಾಲಿನದನ್ನು ಹೊರಿಸಲು ಇದನ್ನು ಬರೆಯುತ್ತಿಲ್ಲ. ಒಂದು ತಂಬಿಗೆ ನೀರಿಗಾಗಿ ಒದೆ ತಿಂದವರು ಅವರೇ, ನಾನಲ್ಲ.

ಅಲ್ಲಿ ಇನ್ನೂ ಮೂರು ವರ್ಷ ಇದ್ದೆ. ಇದನ್ನು ಬರೆಯುವುದು ಉಳಿದುದಕ್ಕಿಂತ ಕಷ್ಟ — ಆ ಬಳ್ಳಿಯನ್ನು ನಾನು ದ್ವೇಷಿಸಲಿಲ್ಲ. ಮೊದಲಿಗಿಂತ ಚೆನ್ನಾಗಿ ನೋಡಿಕೊಂಡೆ. ಕಂಬ ಸಾಲದೆ ಎರಡು ಸಲ ಉದ್ದ ಮಾಡಿದೆ. ಅದು ಮಾಳಿಗೆಯ ತೊಲೆ ಮುಟ್ಟಿ, ತಿರುಗಿ, ತೊಲೆಯುದ್ದಕ್ಕೂ ಹರಿಯಿತು. ಮೊರದಗಲದ ಎಲೆಗಳು. ಗುತ್ತೇದಾರ ದನಿ ಒಡೆದವನಾಗಿ ಉಳಿದ. ಬಂದವರಿಗೆ ಆ ಒಡಕು ದನಿಯಲ್ಲೇ ನನ್ನ ಕೈಗುಣ ಹೊಗಳಿದ. ಹಬ್ಬಕ್ಕೆ ಇಳಕಲ್ಲ ಸೀರೆ ಕೊಟ್ಟ. ಉಟ್ಟೆ. ನಿನ್ನ ತಾಯಿ ಹೊತ್ತು ತಂದ ಉಸುಕು ಆ ಕುಂಡದಲ್ಲಿತ್ತು. ನೀರು ಬೇಕೋ ಬೇಡವೋ ಎಂದು ದಿನಾ ಅದರೊಳಗೆ ಬೆರಳು ಚುಚ್ಚಿ ನೋಡುತ್ತಿದ್ದೆ.

ಆಮೇಲೆ ಗುತ್ತೇದಾರ ಇನ್ನೊಂದು ಮದುವೆಯಾಗಿ ನೀಲಮ್ಮನವರನ್ನು ಮುದಗಲ್ಲಿಗೆ ಕಳಿಸಿದ. ಅವರ ಜೊತೆ ನಾನೂ ಹೋದೆ. ನಾವು ಹೋದ ಮೊದಲ ಬೇಸಿಗೆಗೇ ಬಳ್ಳಿ ಒಣಗಿತಂತೆ. ಮುದಗಲ್ಲಿನಲ್ಲಿ ಅವರು ತೀರಿಕೊಂಡ ಮೇಲೆ ಮಸ್ಕಿಗೆ ಬಂದು ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯತೊಡಗಿದೆ. ಗುತ್ತೇದಾರ ವಯಸ್ಸಾಗಿ, ಮೊಮ್ಮಕ್ಕಳ ನಡುವೆ, ಹಾಸಿಗೆಯಲ್ಲೇ ಸತ್ತ.

ಅವಳ ಕಣ್ಣು ಹೋದ ಹನ್ನೆರಡು ವರ್ಷದ ನಂತರ, ನೀವು ಬಂದು ನೆಲೆಸಿದ್ದ ಸಿಂಧನೂರಿಗೆ ಬಂದೆ. ಹೇಳಿಬಿಡಬೇಕೆಂದೇ ಬಂದೆ. ನಿನಗೆ ನೆನಪಿರಬಹುದು — ನೀನು ಬಾಗಿಲಲ್ಲಿ ನಿಂತು, ಯಾರು ಎಂದು ಕೇಳಿ, ಕುಡಿಯಲು ಮಜ್ಜಿಗೆ ಕೊಟ್ಟೆ. ಒಳಗೆ ನಿನ್ನ ತಾಯಿ ಗೋಡೆಗೆ ಒರಗಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಮುಖದ ಚರ್ಮ ಎಳೆದು ಕಟ್ಟಿದ ಹಾಗಿತ್ತು. ಬಾಯಿ ಒಂದು ಕಡೆ ತೆರೆಯುತ್ತಿರಲಿಲ್ಲ. ನಾನು ಹತ್ತಿರ ಕೂತು ಕೈ ಹಿಡಿದೆ. ಅವಳು ನನ್ನ ಎಡಗೈಯನ್ನು ತಡವಿ, ಸೊಟ್ಟಗೆ ಕೂಡಿದ ಎರಡು ಬೆರಳುಗಳ ಮೇಲೆ ನಿಂತಳು.

“ಅಮರೀನಾ? ನಾ ಸರಿಯಾಗಿ ಕಟ್ಟಲಿಲ್ಲ ನೋಡು, ಸೊಟ್ಟ ಆಗ್ಯಾವ.”

ನಾನು ಬಾಯಿ ತೆಗೆಯುವ ಮೊದಲೇ ಅವಳು ಮಾತಾಡಿದಳು. ಎಷ್ಟೋ ವರ್ಷದಿಂದ ನನಗೇ ಹೇಳಬೇಕೆಂದು ಇಟ್ಟುಕೊಂಡಿದ್ದಳಂತೆ. ಆ ದಿನ ಹಳೆಯ ಸುಣ್ಣ ಮುಗಿದು ಹೊಸ ಡಬ್ಬಿ ತೆಗೆದಿದ್ದಳು. ಬೆರಳು ಒರೆಸಿಕೊಂಡಿದ್ದಳೋ ಇಲ್ಲವೋ, ಡಬ್ಬಿಯೊಳಗೆ ಏನಾದರೂ ಬಿದ್ದಿತ್ತೋ ಏನೋ — ದಿನಾ ಅದನ್ನೇ ಯೋಚಿಸುತ್ತಿದ್ದಳಂತೆ. ತಾನೇ ಮೊದಲು ರುಚಿ ನೋಡಿದ್ದರೆ ಒಬ್ಬ ಮನುಷ್ಯನ ಜೀವಕ್ಕೆ ಕುತ್ತು ಬರುತ್ತಿರಲಿಲ್ಲ ಎಂದಳು. ತನ್ನ ಕಣ್ಣು ಹೋದದ್ದು ತನ್ನ ಕೈಯ ತಪ್ಪಿಗೆ ಎಂದಳು.

“ನಾ ಕೊಲ್ಲಾಕ ಹೋಗಿದ್ದಿಲ್ಲ, ಅಮರೀ,” ಎಂದಳು. “ನೀ ನಂಬ್ತಿ?”

ಗಂಗವ್ವ, ಆಗ ನಾನು ಹೇಳಿದ್ದೇನು ಗೊತ್ತೇ?

“ನಂಬ್ತೀನಿ ಯಕ್ಕಾ,” ಎಂದೆ.

ಅವಳು ಅತ್ತಳು. ಆ ಕಣ್ಣುಗಳಿಂದಲೂ ನೀರು ಬರುತ್ತದೆಂದು ನನಗೆ ತಿಳಿದಿರಲಿಲ್ಲ. ಅಮರೀ, ನೀನು ಅಂದು ಕಂಡದ್ದನ್ನೇ ಹೇಳಿದಿ, ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಎಂದು ನನ್ನ ತಲೆ ಸವರಿದಳು. ಕ್ಷಮಿಸಬೇಕಾದವಳ ಹತ್ತಿರ ಹೋಗಿ, ಅವಳನ್ನೇ ಕ್ಷಮಿಸಿದವಳ ಹಾಗೆ ಕೂತು, ನಿನ್ನ ಮಜ್ಜಿಗೆ ಕುಡಿದು ಎದ್ದು ಬಂದೆ. ವೀಳ್ಯದಲ್ಲಿ ಸೊನೆ ಇಟ್ಟದ್ದು ಸಿಟ್ಟಿನಲ್ಲಿ. ಪಡಸಾಲೆಯಲ್ಲಿ ಆ ಮಾತು ಹೇಳಿದ್ದು ಹೆದರಿ. ಇದಕ್ಕೆ ಏನು ಹೆಸರು ಕೊಡಲಿ? ಅಲ್ಲಿ ಬೆತ್ತ ಇರಲಿಲ್ಲ, ಯಾರೂ ಇರಲಿಲ್ಲ. ಒಬ್ಬ ಕುರುಡಿ, ಅವಳ ಕೈಯೊಳಗೆ ನನ್ನ ಕೈ.

ನಿಜಾಮನ ಆಳ್ವಿಕೆ ಮುಗಿಯುವ ಹಿಂದಿನ ವರ್ಷ, ಊರೂರಲ್ಲಿ ಗಲಾಟೆ ಎದ್ದು ಜನ ಗಂಟುಮೂಟೆ ಕಟ್ಟುತ್ತಿದ್ದಾಗ, ದ್ಯಾವಕ್ಕ ತೀರಿಕೊಂಡಳೆಂದು ಬಂಡಿಯವರೊಬ್ಬರು ಹೇಳಿದರು. ಹೋಗಲಿಲ್ಲ. ದಾರಿ ಕೆಟ್ಟಿದೆ ಎಂದುಕೊಂಡೆ. ಕೇಳಿದ ಆ ಗಳಿಗೆಯಲ್ಲಿ, ಇನ್ನು ಹೇಳುವ ಅಗತ್ಯ ಇಲ್ಲ ಎಂದು ಒಂದು ನೆಮ್ಮದಿ ಬಂದಿತ್ತು ನನಗೆ. ಅದನ್ನೂ ಬರೆಯುತ್ತಿದ್ದೇನೆ.

ಕಳೆದ ತಿಂಗಳು ನಿಮ್ಮ ಓಣಿಯವಳೊಬ್ಬಳು ಖಾನಾವಳಿಗೆ ಬಂದಿದ್ದಳು. ಮಾತಿಗೆ ಮಾತು ಬಂದು ನಿನ್ನ ಸುದ್ದಿ ಹೇಳಿದಳು. ನಿನಗೆ ಎರಡು ಸಲ ಬಂದ ಸಂಬಂಧ ಮುರಿದುಬಿತ್ತಂತೆ, ವಿಷ ಹಾಕಿದವಳ ಮಗಳ ಕೈಯ ಅಡಿಗೆ ಉಣ್ಣುವವರಾರು ಎಂದು. ಇಂದಿಗೂ ಮದುವೆಮನೆಗಳಲ್ಲಿ ನಿನ್ನನ್ನು ಅಡಿಗೆಯ ಕಡೆ ಬಿಡುವುದಿಲ್ಲವಂತೆ. ನೀನೂ ಯಾರಿಗೂ ಎದುರಾಡುವುದಿಲ್ಲ. ನಮ್ಮವ್ವನ ಕೈ ತಪ್ಪಿತ್ತು, ಏನು ಮಾಡುವುದು ಎನ್ನುತ್ತೀಯಂತೆ.

ನಿಮ್ಮವ್ವನ ಕೈ ತಪ್ಪಿರಲಿಲ್ಲ. ಅವಳ ಸುಣ್ಣ ಒಳ್ಳೆಯದಿತ್ತು, ಎಲೆ ಒಳ್ಳೆಯದಿತ್ತು. ಅವಳು ಆ ಮನೆಯಲ್ಲಿ ಯಾರಿಗೂ ಕೇಡು ಮಾಡಲಿಲ್ಲ.

ಸೋಮವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಈ ಕಾಗದ ನಿನ್ನ ಕೈ ಸೇರಿದ್ದರೂ ಸರಿ, ಸೇರದಿದ್ದರೂ ಸರಿ. ನೀನು ಬಾಗಿಲು ತೆರೆದರೆ ಒಳಗೆ ಬಂದು ಹೇಳುತ್ತೇನೆ. ತೆರೆಯದಿದ್ದರೆ ನಿಮ್ಮ ಓಣಿಯ ನಡುವೆ ನಿಂತು, ನೀರಿಗೆ ಬಂದ ಹೆಂಗಸರೆಲ್ಲ ಕೇಳುವ ಹಾಗೆ, ಮನೆ ಮನೆಯ ಮುಂದೆ ಹೇಳುತ್ತೇನೆ — ದ್ಯಾವಕ್ಕನ ಹೆಸರು ಹಿಡಿದು, ನನ್ನ ಹೆಸರು ಹಿಡಿದು. ಆಮೇಲೆ ಅವರು ಏನು ಮಾಡುತ್ತಾರೋ ಮಾಡಲಿ. ಅಲ್ಲಿಂದ ನಾನು ಕದಲುವುದಿಲ್ಲ.